ಕಲಬುರಗಿಯಿಂದ ಎಂ.ಎ. ಇಂಗ್ಲಿಷ್: ಪಾಠ ಮಾಡುವವರು, ಪುಸ್ತಕದ ಕೆಲಸಕ್ಕೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಎ. ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರುತ್ತವೆ. ಜೇವರ್ಗಿಯಿಂದ, ಶಹಾಪುರದಿಂದ, ಹುಮನಾಬಾದಿನಿಂದ. "ಮೇಡಂ, ಇಂಗ್ಲಿಷ್ ಎಂ.ಎ. ಮಾಡಿದ್ರ ಮುಂದ ಏನರ ಆಗ್ತದೇನ್ರಿ?" ನಾನು ಕಲಬುರಗಿಯಲ್ಲೇ ಎಂ.ಎ. ಓದಿದವಳು. ಆರು ವರ್ಷ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿದೆ. ಈಗ ಮನೆಯಿಂದಲೇ ಇಂಗ್ಲಿಷ್ ಪುಸ್ತಕಗಳ ಕಾಪಿ ಎಡಿಟಿಂಗ್, ಅಂದರೆ ಅಚ್ಚಿಗೆ ಹೋಗುವ ಮೊದಲು ಸಾಲುಸಾಲು ತಿದ್ದುವ ಕೆಲಸ, ಮಾಡುತ್ತೇನೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಎಂ.ಎ. ಇಂಗ್ಲಿಷ್ ಅಂದರೆ ಎರಡು ವರ್ಷ ಗ್ರಾಮರ್ ಕಲಿಸ್ತಾರಾ?

ಇಲ್ಲ. ಇದು ಮೊದಲೇ ಗೊತ್ತಿರಲಿ, ಯಾಕೆಂದರೆ ಮೊದಲ ಸೆಮಿಸ್ಟರಿನಲ್ಲಿ ಭಾಳ ಮಂದಿ ಬೇಜಾರಾಗುವುದು ಇದಕ್ಕೇ. ನಾಲ್ಕು ಸೆಮಿಸ್ಟರಿನಲ್ಲಿ ಜಾಸ್ತಿ ಭಾಗ ಸಾಹಿತ್ಯ. ಚಾಸರ್, ಷೇಕ್ಸ್‌ಪಿಯರ್‌ನಿಂದ ಶುರು. ಆಮೇಲೆ ರೊಮ್ಯಾಂಟಿಕ್ ಕವಿಗಳು, ವಿಕ್ಟೋರಿಯನ್ ಕಾದಂಬರಿ, ಅಮೆರಿಕನ್ ಸಾಹಿತ್ಯ, ಭಾರತೀಯರು ಇಂಗ್ಲಿಷಿನಲ್ಲಿ ಬರೆದದ್ದು, ವಿಮರ್ಶೆ, ಥಿಯರಿ. ಬರೀ ಭಾಷೆಗೆ ಅಂತ ಇರುವುದು ಕೆಲವೇ ಪೇಪರುಗಳು: ಭಾಷಾವಿಜ್ಞಾನ, ಫೋನೆಟಿಕ್ಸ್, ಇ.ಎಲ್.ಟಿ. ಅಂದರೆ ಇಂಗ್ಲಿಷ್ ಬೋಧನೆಯ ವಿಧಾನ, ಕೆಲವು ಕಡೆ ಅನುವಾದ.

ನನ್ನ ಮಾತು ಕೇಳುವುದಾದರೆ ಈ ಪೇಪರುಗಳನ್ನು ಗೈಡ್ ಓದಿ ಮುಗಿಸಬೇಡಿ. ನಮ್ಮ ಬ್ಯಾಚಿನಲ್ಲಿ ಎಲ್ಲರೂ ಅವನ್ನು ಕೊನೆಯ ವಾರಕ್ಕೆ ಬಿಡುತ್ತಿದ್ದೆವು. ಆಮೇಲೆ ಕ್ಲಾಸ್‌ರೂಮಿನಲ್ಲೂ ಎಡಿಟಿಂಗ್‌ನಲ್ಲೂ ನನಗೆ ದಿನಾ ಕೆಲಸಕ್ಕೆ ಬಂದದ್ದು ಅವೇ. ಒಂದು ಉದಾಹರಣೆ ನೋಡಿ. ನಮ್ಮ ಹುಡುಗರು "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ" ಅಂತ ಬರೆಯುತ್ತಾರೆ. ತಪ್ಪು ಅಂತ ಕೆಂಪು ಗೆರೆ ಎಳೆಯುವುದು ಯಾರಿಗಾದರೂ ಬರುತ್ತದೆ. ಆದರೆ ಕನ್ನಡದಲ್ಲಿ "ನಿನ್ನೆ ಅವನನ್ನ ನೋಡೀನಿ" ಅನ್ನುವುದು ಪೂರ್ತಿ ಸರಿ, ಇಂಗ್ಲಿಷಿನಲ್ಲಿ ಆ ಕಾಲರೂಪದ ಜೊತೆ "ನಿನ್ನೆ" ಬರುವಂತಿಲ್ಲ, "ಐ ಸಾ ಹಿಮ್" ಅನ್ನಬೇಕು. ಇದನ್ನು ಬೋರ್ಡ್ ಮೇಲೆ ಎರಡೂ ಭಾಷೆಯಲ್ಲಿ ಪಕ್ಕಪಕ್ಕ ಬರೆದು ತೋರಿಸಿದರೆ ಹುಡುಗರು ಮತ್ತೆ ಆ ತಪ್ಪು ಮಾಡುವುದು ಕಡಿಮೆಯಾಗುತ್ತದೆ. 'ಎ', 'ದ' ಬಿಟ್ಟುಹೋಗುವುದೂ ಹಾಗೇ. ಕನ್ನಡದಲ್ಲಿ ಆ ಥರದ ಪದಗಳೇ ಇಲ್ಲ, ಕೈಗೆ ಹೇಗೆ ಬರಬೇಕು?

ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ನನ್ನಿಂದ ಆಗುತ್ತಾ?

ಆಗುತ್ತದೆ. ನಾನೂ ಕನ್ನಡ ಮೀಡಿಯಂ, ಚಿತ್ತಾಪುರ ಕಡೆಯ ಹಳ್ಳಿ, ತೊಗರಿ ಬೆಳೆಯುವ ಮನೆ. ಮೊದಲ ತಿಂಗಳು ಕ್ಲಾಸಿನಲ್ಲಿ ಅರ್ಧ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ಕೂತವರು ತಲೆ ಆಡಿಸುತ್ತಿದ್ದರು, ಅವರಿಗೂ ತಿಳಿದಿರಲಿಲ್ಲ ಅಂತ ಗೊತ್ತಾದದ್ದು ಎರಡನೇ ಸೆಮಿಸ್ಟರಿನಲ್ಲಿ.

ನನಗೆ ಕೈಹಿಡಿದದ್ದು ಒಂದು ಹಳೆಯ ಪದ್ಧತಿ. ಇಂಗ್ಲೆಂಡಿನಲ್ಲಿ ರೋಜರ್ ಆಷಮ್ ಅಂತ ಒಬ್ಬ ಮೇಷ್ಟ್ರು ಇದ್ದರು, ಒಂದನೇ ಎಲಿಜಬೆತ್ ರಾಣಿಗೆ ಪಾಠ ಹೇಳಿದವರು. 1570ರಲ್ಲಿ ಅಚ್ಚಾದ ಅವರ ಪುಸ್ತಕದಲ್ಲಿ ಲ್ಯಾಟಿನ್ ಕಲಿಸುವ ಒಂದು ದಾರಿ ಇದೆ. ಲ್ಯಾಟಿನ್ ಭಾಗವನ್ನು ಹುಡುಗ ಇಂಗ್ಲಿಷಿಗೆ ತರಬೇಕು. ಸ್ವಲ್ಪ ಹೊತ್ತು ಬಿಟ್ಟು, ಮೂಲ ನೋಡದೆ, ಅದನ್ನೇ ತಿರುಗಿ ಲ್ಯಾಟಿನ್ನಿಗೆ ಒಯ್ಯಬೇಕು. ಆಮೇಲೆ ಮೂಲ ಪಕ್ಕಕ್ಕಿಟ್ಟು ಹೋಲಿಸಬೇಕು. ನಾನು ಇದನ್ನೇ ಕನ್ನಡದಲ್ಲಿ ಮಾಡಿದೆ. ಇಂಗ್ಲಿಷ್ ಪೇಪರಿನ ಸಂಪಾದಕೀಯದಿಂದ ಒಂದು ಪ್ಯಾರಾ, ಅದನ್ನು ಕನ್ನಡಕ್ಕೆ ತಂದು, ಎರಡು ದಿನ ಬಿಟ್ಟು ತಿರುಗಿ ಇಂಗ್ಲಿಷಿಗೆ. ಹೋಲಿಸಿದಾಗ ನನ್ನ ಇಂಗ್ಲಿಷ್ ಎಲ್ಲಿ ಕುಂಟುತ್ತಿದೆ ಅಂತ ಕಣ್ಣಿಗೇ ಕಾಣುತ್ತಿತ್ತು. ಯಾರ ಹತ್ತಿರವೂ ನಾಚಿಕೊಳ್ಳಬೇಕಿಲ್ಲ, ಫೀಸಿಲ್ಲ, ಒಂದು ನೋಟ್‌ಬುಕ್ ಸಾಕು. ಆರು ತಿಂಗಳು ಬಿಡದೆ ಮಾಡಿ ನೋಡಿ.

ಷೇಕ್ಸ್‌ಪಿಯರ್ ನಾಟಕವನ್ನು ಮೊದಲು ಕನ್ನಡ ಅನುವಾದದಲ್ಲಿ ಓದಿ ಆಮೇಲೆ ಇಂಗ್ಲಿಷಿಗೆ ಹೋದರೂ ಏನೂ ತಪ್ಪಿಲ್ಲ. ಕತೆ ಗೊತ್ತಿದ್ದರೆ ಸಾಲಿನ ಮೇಲೆ ಗಮನ ಇಡಬಹುದು.

ನಮ್ಮ ಕಡೆ ಎಲ್ಲಿ ಓದಬಹುದು?

ಮೊದಲು ಗುಲಬರ್ಗಾ ವಿಶ್ವವಿದ್ಯಾಲಯ, ಕಲಬುರಗಿಯ ಜ್ಞಾನಗಂಗಾ ಕ್ಯಾಂಪಸ್. 1980ರಲ್ಲಿ ಸ್ವತಂತ್ರ ವಿವಿ ಆಯಿತು, ಅದಕ್ಕೂ ಮೊದಲು ಧಾರವಾಡದ ಕರ್ನಾಟಕ ವಿವಿಯ ಪಿ.ಜಿ. ಸೆಂಟರ್ ಆಗಿತ್ತು. ಆಳಂದ ರಸ್ತೆಯ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, 2009ರಲ್ಲಿ ಶುರುವಾದದ್ದು. ಬೀದರಿನವರಿಗೆ 2023ರಲ್ಲಿ ಬೀದರ್ ವಿಶ್ವವಿದ್ಯಾಲಯ ಬಂದಿದೆ. ಖಾಸಗಿ ಬೇಕು ಅನ್ನುವವರಿಗೆ ಕಲಬುರಗಿಯ ಶರಣಬಸವ ವಿಶ್ವವಿದ್ಯಾಲಯ.

ಕಡಗಂಚಿಗೆ ಸೇರಬೇಕಾದರೆ ಸಿ.ಯು.ಇ.ಟಿ. ಪಿ.ಜಿ. ಅನ್ನುವ ಪ್ರವೇಶ ಪರೀಕ್ಷೆ ಬರೆಯಲೇಬೇಕು. ಎನ್.ಟಿ.ಎ. (ರಾಷ್ಟ್ರೀಯ ಪರೀಕ್ಷಾ ಸಂಸ್ಥೆ) ನಡೆಸುತ್ತದೆ, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಟ್. ನಮ್ಮ ಮಕ್ಕಳು ಸೋಲುವುದು ಪರೀಕ್ಷೆಯಲ್ಲಲ್ಲ, ತಾರೀಖಿನಲ್ಲಿ. ಬಿ.ಎ. ಕೊನೆಯ ಸೆಮಿಸ್ಟರ್ ಮುಗಿಯುವ ಮೊದಲೇ, ಚಳಿಗಾಲದಲ್ಲೇ ಅರ್ಜಿ ಕರೆದು ಬಿಡುತ್ತಾರೆ. ರಿಸಲ್ಟ್ ಬಂದ ಮೇಲೆ ನೋಡೋಣ ಅಂತ ಕೂತರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ. ಡಿಸೆಂಬರಿನಿಂದಲೇ ವೆಬ್‌ಸೈಟ್ ನೋಡುತ್ತಿರಿ.

ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ಓದದವರಿಗೆ ಒಂದು ಮಾತು. ಪ್ರವೇಶದ ನಿಯಮ ವಿವಿಯಿಂದ ವಿವಿಗೆ ಬೇರೆ. ಆ ವರ್ಷದ ಪ್ರಕಟಣೆಯಲ್ಲಿ "ಅರ್ಹತೆ" ಅನ್ನುವ ಭಾಗವನ್ನು ನೀವೇ ಓದಿ. ಸೈಬರ್ ಕೆಫೆಯವರು ಹೇಳಿದ್ದನ್ನು ನಂಬಿ ಫೀಸ್ ಕಟ್ಟಬೇಡಿ.

ಹೈದರಾಬಾದಿನ ಇಫ್ಲು ಅಂತಾರಲ್ಲ, ಅದು ಬೇರೆ ಥರಾನಾ?

ಬೇರೆನೇ. ಇಫ್ಲು ಅಂದರೆ ಇಂಗ್ಲಿಷ್ ಅಂಡ್ ಫಾರಿನ್ ಲ್ಯಾಂಗ್ವೇಜಸ್ ಯೂನಿವರ್ಸಿಟಿ. ಅದರ ಮೂಲ 1958ರಲ್ಲಿ ಶುರುವಾದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್. ಹುಟ್ಟಿದ್ದೇ ನಮ್ಮ ದೇಶದಲ್ಲಿ ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳನ್ನು ತಯಾರು ಮಾಡಲಿಕ್ಕೆ. ಈಗ ಕೇಂದ್ರೀಯ ವಿಶ್ವವಿದ್ಯಾಲಯ. ಸಾಹಿತ್ಯ, ಭಾಷಾವಿಜ್ಞಾನ, ಇಂಗ್ಲಿಷ್ ಬೋಧನೆ, ಇವೆಲ್ಲ ಬೇರೆ ಬೇರೆ ಎಂ.ಎ. ಆಗಿಯೇ ಸಿಗುವ ಜಾಗ ಅದು. ಭಾಷೆಯನ್ನೇ ಆಳವಾಗಿ ಓದಬೇಕು ಅನ್ನುವವರು ಪ್ರಯತ್ನ ಮಾಡಲೇಬೇಕು.

ದೂರ ಅಂತ ಹೆದರಬೇಡಿ. ಬೀದರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ತಿರ. ನಮ್ಮ ಅಜ್ಜಂದಿರು ಆಸ್ಪತ್ರೆಗೆ, ಮದುವೆ ಜವಳಿಗೆ ಅಲ್ಲಿಗೇ ಹೋಗುತ್ತಿದ್ದರು, ಓದಿಗೆ ಯಾಕೆ ಹೋಗಬಾರದು? ಆದರೆ ಸೀಟು ಸಿಗಲಿಲ್ಲ ಅಂದರೆ ಒಂದು ವರ್ಷ ಮನೆಯಲ್ಲಿ ಕೂರಬೇಡಿ. ಇಲ್ಲೇ ಸೇರಿ.

ದೂರ ಶಿಕ್ಷಣದಲ್ಲಿ ಮಾಡಿದರೆ ಬೆಲೆ ಇದೆಯಾ?

ಯು.ಜಿ.ಸಿ. ಮಾನ್ಯತೆ ಇರುವ ಮುಕ್ತ ವಿವಿಯ ಪದವಿ ರೆಗ್ಯುಲರ್ ಪದವಿಗೆ ಸಮ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಇಗ್ನೋ, ಎರಡರಲ್ಲೂ ಎಂ.ಎ. ಇಂಗ್ಲಿಷ್ ಇದೆ. ಶಾಲೆಯಲ್ಲಿ ಕೆಲಸ ಮಾಡುತ್ತಾ ಓದುವವರಿಗೆ ಒಳ್ಳೆಯ ದಾರಿ. ಕ್ಲಾಸಿನಲ್ಲಿ ನಡೆಯುವ ಮಾತುಕತೆ ಮಾತ್ರ ಸಿಗುವುದಿಲ್ಲ. ಇಬ್ಬರು ಮೂವರು ಸೇರಿ ವಾರಕ್ಕೊಮ್ಮೆ ಕೂತು ಓದುವ ಗುಂಪು ಮಾಡಿಕೊಳ್ಳಿ.

ಎಂ.ಎ. ಮುಗಿದ ತಕ್ಷಣ ಮೇಷ್ಟ್ರ ಕೆಲಸ ಸಿಗುತ್ತಾ?

ಎಲ್ಲಿ ಪಾಠ ಮಾಡಬೇಕು ಅಂತ ಮೊದಲು ನಿರ್ಧಾರ ಮಾಡಿ, ಯಾಕೆಂದರೆ ಬೇಕಾದ ಸರ್ಟಿಫಿಕೇಟ್ ಬೇರೆ ಬೇರೆ. ಸರ್ಕಾರಿ ಶಾಲೆಯಲ್ಲಿ 6ರಿಂದ 8ನೇ ತರಗತಿಗೆ ಪದವಿ, ಬಿ.ಎಡ್. ಥರದ ಶಿಕ್ಷಕ ತರಬೇತಿ, ಜೊತೆಗೆ ಟಿ.ಇ.ಟಿ. (ಶಿಕ್ಷಕರ ಅರ್ಹತಾ ಪರೀಕ್ಷೆ) ಬೇಕು, ಎಂ.ಎ. ಬೇಕಿಲ್ಲ. ಹೈಸ್ಕೂಲಿಗೆ ಪದವಿ, ಬಿ.ಎಡ್. ಪಿ.ಯು. ಕಾಲೇಜಿಗೆ ಎಂ.ಎ.ಯಲ್ಲಿ 55% ಮತ್ತು ಬಿ.ಎಡ್. ಎರಡೂ. ಡಿಗ್ರಿ ಕಾಲೇಜಿಗೆ ಬಿ.ಎಡ್. ಬೇಡ, ಎಂ.ಎ.ಯಲ್ಲಿ 55% ಜೊತೆಗೆ ನೆಟ್ ಅಥವಾ ಕೆಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಮೀಸಲಾತಿ ವರ್ಗದವರಿಗೆ 5% ಸಡಿಲಿಕೆ ಇದೆ.

55% ಅನ್ನುವ ಈ ಅಂಕಿಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನನ್ನ ಗೆಳತಿಯೊಬ್ಬಳಿಗೆ 54.2 ಬಂತು. ಚೆನ್ನಾಗಿ ಪಾಠ ಮಾಡುತ್ತಿದ್ದಳು, ಹುಡುಗರು ಅವಳ ಕ್ಲಾಸ್ ತಪ್ಪಿಸುತ್ತಿರಲಿಲ್ಲ. ಆ ಒಂದು ಚೂರಿಗಾಗಿ ಎರಡು ಪೇಪರ್ ಮತ್ತೆ ಬರೆಯಬೇಕಾಯಿತು, ಅಷ್ಟರಲ್ಲಿ ಒಂದು ನೇಮಕಾತಿ ಕೈತಪ್ಪಿತು. ಮೊದಲ ಸೆಮಿಸ್ಟರಿನಿಂದಲೇ ಲೆಕ್ಕ ಇಟ್ಟುಕೊಳ್ಳಿ.

ನೆಟ್, ಕೆಸೆಟ್ ಎರಡೂ ಬರೀಬೇಕಾ?

ಬರೆಯಿರಿ. ಸಿಲೆಬಸ್ ಹೆಚ್ಚೂಕಡಿಮೆ ಒಂದೇ. ಎರಡು ಪೇಪರ್. ಮೊದಲನೆಯದು 50 ಪ್ರಶ್ನೆ, ಬೋಧನೆ, ಸಂಶೋಧನೆ, ತರ್ಕ ಇಂಥವು. ಎರಡನೆಯದು ನಿಮ್ಮ ವಿಷಯ, 100 ಪ್ರಶ್ನೆ. ಒಟ್ಟು 300 ಅಂಕ, ಮೂರು ಗಂಟೆ. ನೆಗೆಟಿವ್ ಮಾರ್ಕಿಂಗ್ ಇಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ. ನೆಟ್ ಪಾಸಾದರೆ ಇಡೀ ದೇಶಕ್ಕೆ ನಡೆಯುತ್ತದೆ, ಕೆಸೆಟ್ ಕರ್ನಾಟಕಕ್ಕೆ. ಕೆಸೆಟ್ ಮೊದಲು ಮೈಸೂರು ವಿವಿ ನಡೆಸುತ್ತಿತ್ತು, 2023ರಿಂದ ಕೆ.ಇ.ಎ. (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುತ್ತಿದೆ. ನೆಟ್‌ನಲ್ಲಿ ಜೆ.ಆರ್.ಎಫ್. ಅನ್ನುವ ಸಂಶೋಧನಾ ಫೆಲೋಶಿಪ್ ಬಂದರೆ ಪಿ.ಎಚ್‌ಡಿ. ಮಾಡುವಾಗ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ. ನಮ್ಮ ಕಡೆಯ ಮನೆಗಳಿಗೆ ಅದು ಸಣ್ಣ ದುಡ್ಡಲ್ಲ. ಮಗಳು ಓದುತ್ತಾಳೆ ಅಂದರೆ ಮನೆಗೆ ಭಾರ ಅನ್ನುವ ಮಾತೇ ನಿಂತುಹೋಗುತ್ತದೆ.

ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಪಿ.ಎಚ್‌ಡಿ. ಕಡ್ಡಾಯ ಅಂತ ಈಗಲೂ ಸುದ್ದಿ ಓಡಾಡುತ್ತಿರುತ್ತದೆ. 2023ರ ಜುಲೈನಲ್ಲಿ ಯು.ಜಿ.ಸಿ. ಅದನ್ನು ಸರಿಪಡಿಸಿದೆ. ನೆಟ್ ಅಥವಾ ಸೆಟ್ ಸಾಕು.

371(ಜೆ) ಸರ್ಟಿಫಿಕೇಟ್ ಎಂ.ಎ.ಗೂ ಬೇಕಾ?

ಬೇಕು, ಇವತ್ತೇ ಮಾಡಿಸಿಡಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಕಲ್ಯಾಣ ಕರ್ನಾಟಕದವರಿಗೆ ಬಂದ ಹಕ್ಕು ಇದು. ನಮ್ಮ ಭಾಗದ ರಾಜ್ಯ ವಿವಿಗಳಲ್ಲಿ 70% ಸೀಟು ಇಲ್ಲಿನವರಿಗೆ, ಉಳಿದ ಕರ್ನಾಟಕದಲ್ಲಿ 8%. ರಾಜ್ಯ ಸರ್ಕಾರದ ಕೆಲಸದಲ್ಲಿ ಇಲ್ಲಿನ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ 75%. ಸರ್ಟಿಫಿಕೇಟ್ ಕೊಡುವುದು ಸಹಾಯಕ ಆಯುಕ್ತರ ಕಚೇರಿ. ಕೊನೆ ದಿನ ಓಡಾಡಿ, ಸಹಿ ಸಿಗದೆ, ಕಚೇರಿ ಬಾಗಿಲಲ್ಲಿ ಅತ್ತ ಹುಡುಗಿಯರನ್ನು ನೋಡಿದ್ದೇನೆ.

ಅತಿಥಿ ಉಪನ್ಯಾಸಕರ ಕೆಲಸ ಹೇಗಿರುತ್ತೆ, ನಿಜ ಹೇಳಿ.

ಪಾಠ ಮಾಡುವ ಹೊತ್ತು ಸ್ವರ್ಗ. ಬೆಲ್ ಆಗಿ ಹೊರಗೆ ಬಂದ ಮೇಲೆ ಚಿಂತೆ ಶುರು. ಕೆಲಸ ಖಾಯಂ ಅಲ್ಲ. ಪ್ರತಿ ವರ್ಷ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್, ವಾರಕ್ಕೆ ಎಷ್ಟು ಗಂಟೆ ಸಿಗುತ್ತದೆ ಅನ್ನುವುದರ ಮೇಲೆ ಸಂಬಳ. ನಾನು ಪಾಠ ಮಾಡಿದ ಒಂದು ಕಾಲೇಜಿನಲ್ಲಿ ಐದು ತಿಂಗಳ ಸಂಬಳ ಒಟ್ಟಿಗೆ ಬಂತು. ಆ ಐದು ತಿಂಗಳು ಬಸ್ ಚಾರ್ಜಿಗೂ ಅಪ್ಪನ ಕೈ ನೋಡಿದೆ. ಅದೇ ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಯು.ಜಿ.ಸಿ. ಸ್ಕೇಲಿನ ಖಾಯಂ ಅಸಿಸ್ಟೆಂಟ್ ಪ್ರೊಫೆಸರಿಗೆ ಮೂಲವೇತನವೇ 57,700ರಿಂದ ಶುರು. ಒಂದೇ ಕಾರಿಡಾರಿನಲ್ಲಿ, ಒಂದೇ ಪಠ್ಯ ಪಾಠ ಮಾಡುವ ಇಬ್ಬರ ನಡುವೆ ಇಷ್ಟು ಅಂತರ ಇರುವುದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ಆದರೂ ಎರಡು ವರ್ಷ ಮಾಡಿ ಅನ್ನುತ್ತೇನೆ. ಕ್ಲಾಸ್ ಹಿಡಿಯುವುದು, ಪ್ರಶ್ನೆ ಪತ್ರಿಕೆ ತೆಗೆಯುವುದು, ನೂರು ಉತ್ತರ ಪತ್ರಿಕೆ ತಿದ್ದುವುದು, ಇವನ್ನು ಬೇರೆ ಎಲ್ಲೂ ಕಲಿಯಲು ಆಗುವುದಿಲ್ಲ. ಆ ಎರಡು ವರ್ಷದೊಳಗೆ ನೆಟ್ ಮುಗಿಸಿ. ಹತ್ತು ವರ್ಷ ಹಾಗೇ ಕಳೆದುಬಿಟ್ಟರೆ ಓದುವ ಶಕ್ತಿ ಉಳಿಯುವುದಿಲ್ಲ, ಕಣ್ಣಾರೆ ಕಂಡಿದ್ದೇನೆ.

ಉಚ್ಚಾರಣೆ ಸರಿ ಇಲ್ಲ ಅಂತ ನಗ್ತಾರೆ. ಏನು ಮಾಡಲಿ?

ನಗುವವರನ್ನು ಬಿಡಿ. ನಮ್ಮ ಕಡೆ ಸ್ಕೂಲಿಗೆ "ಇಸ್ಕೂಲ್", ಸ್ಟೇಷನ್ನಿಗೆ "ಇಸ್ಟೇಷನ್" ಅನ್ನುತ್ತೇವೆ. ಪದದ ಮೊದಲಿಗೆ 'ಸ್ಕ', 'ಸ್ಟ' ಬಂದರೆ ಮುಂದೆ ಒಂದು 'ಇ' ಸೇರಿಸುವುದು ಉರ್ದು, ಹಿಂದಿ ಮಾತಾಡುವ ಕಡೆಯ ಅಭ್ಯಾಸ. ನಾವು ದಖನಿ, ಅಂದರೆ ಈ ಭಾಗದ ಉರ್ದು, ಕೇಳುತ್ತಾ ಬೆಳೆದವರು, ಬಂದಿದೆ. ಅದೇ ದಖನಿಯಿಂದ ನಮಗೆ ಒಂದು ಲಾಭವೂ ಇದೆ ನೋಡಿ. ಇಂಗ್ಲಿಷಿನ 'ಝಡ್' ಮತ್ತು 'ಎಫ್' ಧ್ವನಿ ಕನ್ನಡದ ಮೂಲ ಅಕ್ಷರಮಾಲೆಯಲ್ಲಿ ಇಲ್ಲ. ಉರ್ದುವಿನಲ್ಲಿ ಇದೆ. 'ಜಮೀನು', 'ಫಕ್ತ' ಅನ್ನುವಾಗ ನಮ್ಮ ಓಣಿಯ ಮುಸ್ಲಿಂ ಅಜ್ಜಿ ಬಾಯಿಂದ ಬರುವ ಮೊದಲ ಧ್ವನಿಯನ್ನು ಗಮನವಿಟ್ಟು ಕೇಳಿ. 'ಝೂ', 'ಫ್ಯಾನ್' ಹೇಳಲು ಅದೇ ಧ್ವನಿ ಸಾಕು.

ಫೋನೆಟಿಕ್ಸ್ ಪೇಪರಿನಲ್ಲಿ 44 ಧ್ವನಿ ಕಲಿಸುತ್ತಾರೆ, 20 ಸ್ವರ, 24 ವ್ಯಂಜನ. ಅದು ಆರ್.ಪಿ. ಅನ್ನುವ, ಮಾದರಿ ಅಂತ ಇಟ್ಟುಕೊಂಡ ಬ್ರಿಟಿಷ್ ಉಚ್ಚಾರಣೆಯ ಲೆಕ್ಕ. ಹಾಗೇ ಮಾತಾಡಬೇಕು ಅಂತ ಯಾರೂ ಕೇಳುವುದಿಲ್ಲ. ಪದದ ಯಾವ ಭಾಗಕ್ಕೆ ಒತ್ತು ಕೊಡಬೇಕು ಅನ್ನುವುದನ್ನು ಮಾತ್ರ ಸರಿಯಾಗಿ ಕಲಿಯಿರಿ. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚೂಕಡಿಮೆ ಒಂದೇ ತೂಕ. ಇಂಗ್ಲಿಷಿನಲ್ಲಿ ಹಾಗಲ್ಲ. ಒತ್ತು ತಪ್ಪಿದರೆ ಎದುರಿಗಿನವರಿಗೆ ಪದವೇ ತಿಳಿಯುವುದಿಲ್ಲ.

ಪ್ರಕಾಶನ ಅಂದರೆ ಏನು ಕೆಲಸ? ಪುಸ್ತಕ ಬರೀಬೇಕಾ?

ಬರೆಯುವವರು ಬೇರೆ. ಬರೆದದ್ದು ಪುಸ್ತಕವಾಗಿ ಓದುಗರ ಕೈಗೆ ಬರುವ ತನಕ ಹಲವರ ಕೈ ದಾಟುತ್ತದೆ. ಯಾವ ಪುಸ್ತಕ ತರಬೇಕು ಅಂತ ಲೇಖಕರನ್ನು ಹುಡುಕುವವರು ಕಮಿಷನಿಂಗ್ ಎಡಿಟರ್. ಸಾಲುಸಾಲು ತಿದ್ದುವವರು ಕಾಪಿ ಎಡಿಟರ್. ಪುಟ ಜೋಡಣೆ ಆದ ಮೇಲೆ ಕೊನೆಯ ತಪ್ಪು ಹಿಡಿಯುವವರು ಪ್ರೂಫ್ ರೀಡರ್. ಎಲ್ಲವನ್ನೂ ಟೈಮಿಗೆ ಸರಿಯಾಗಿ ಓಡಿಸುವವರು ಪ್ರೊಡಕ್ಷನ್ ಎಡಿಟರ್. ಶಾಲಾ ಪಠ್ಯಪುಸ್ತಕದ ಪ್ರಕಾಶಕರಿಗೆ ಪಾಠ ಮಾಡಿ ಅನುಭವ ಇರುವ ಎಡಿಟರ್‌ಗಳು ಬೇಕಾಗುತ್ತಾರೆ. ಆರನೇ ಕ್ಲಾಸಿನ ಮಗುವಿಗೆ ಯಾವ ವಾಕ್ಯ ಭಾರ ಅಂತ ಪಾಠ ಮಾಡಿದವರಿಗೇ ಗೊತ್ತಾಗುವುದು. ಓರಿಯಂಟ್ ಬ್ಲ್ಯಾಕ್‌ಸ್ವಾನ್ ಥರದ ದೊಡ್ಡ ಪಠ್ಯಪುಸ್ತಕ ಪ್ರಕಾಶನದ ಮುಖ್ಯ ಕಚೇರಿ ನಮ್ಮ ಪಕ್ಕದ ಹೈದರಾಬಾದಿನಲ್ಲೇ ಇದೆ. ಚೆನ್ನೈ, ಬೆಂಗಳೂರು, ಪುದುಚೇರಿಯಲ್ಲಿ ವಿದೇಶಿ ಜರ್ನಲ್‌ಗಳ ಎಡಿಟಿಂಗ್, ಟೈಪ್‌ಸೆಟ್ಟಿಂಗ್ ಮಾಡುವ ಕಂಪನಿಗಳಿವೆ.

ಕಾಪಿ ಎಡಿಟಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಇದು ನನ್ನ ಅನ್ನದ ಕೆಲಸ. ಸ್ಪೆಲ್ಲಿಂಗ್ ತಿದ್ದುವುದು ಇದರಲ್ಲಿ ಸಣ್ಣ ಭಾಗ. ಬಹಮನಿ ಸುಲ್ತಾನರ ಬಗ್ಗೆ ಒಂದು ಹಸ್ತಪ್ರತಿ ಬಂದಿದೆ ಅಂತ ಇಟ್ಟುಕೊಳ್ಳಿ. 40ನೇ ಪುಟದಲ್ಲಿ ಅವರ ಮಂತ್ರಿ ಮಹಮೂದ್ ಗವಾನ್ ಬೀದರಿನ ಮದರಸಾವನ್ನು 1472ರಲ್ಲಿ ಕಟ್ಟಿಸಿದ ಅಂತ ಇದೆ. 112ನೇ ಪುಟದಲ್ಲಿ ಅವನನ್ನು 1461ರಲ್ಲಿ ಕೊಲ್ಲಿಸಿದರು ಅಂತ ಇದೆ. ಎರಡೂ ವಾಕ್ಯದ ಗ್ರಾಮರ್ ಸರಿಯೇ ಇದೆ. ಆದರೆ ಸತ್ತವನು ಹನ್ನೊಂದು ವರ್ಷ ಆದ ಮೇಲೆ ಮದರಸಾ ಹೇಗೆ ಕಟ್ಟಿಸಿದ? ಅವನು ಸತ್ತದ್ದು 1481ರಲ್ಲಿ, ಒಂದು ಅಂಕಿ ತಪ್ಪಿದೆ. ಇದು ಕಣ್ಣಿಗೆ ಬೀಳಬೇಕು. ಬಿದ್ದ ಮೇಲೆ ಸುಮ್ನೆ ತಿದ್ದಬಾರದು, ಪಕ್ಕದಲ್ಲಿ ಲೇಖಕರಿಗೆ ಮರ್ಯಾದೆಯಿಂದ ಒಂದು ಪ್ರಶ್ನೆ ಬರೆಯಬೇಕು. ಅದಕ್ಕೆ ಕ್ವೆರಿ ಅನ್ನುತ್ತಾರೆ. ಮತ್ತೆ ಊರಿನ ಹೆಸರು. 2014ರ ನವೆಂಬರ್ 1ರಿಂದ ಗುಲಬರ್ಗಾ ಕಲಬುರಗಿ ಆಯಿತು. ಪುಸ್ತಕದಲ್ಲಿ ಹಳೆಯ ಕಾಲಕ್ಕೆ ಯಾವ ಹೆಸರು, ಈಗಿನ ಕಾಲಕ್ಕೆ ಯಾವುದು, ಒಮ್ಮೆ ನಿರ್ಧಾರ ಮಾಡಿ ಸ್ಟೈಲ್ ಶೀಟಿನಲ್ಲಿ, ಅಂದರೆ ಆ ಪುಸ್ತಕಕ್ಕೆ ಮಾಡಿಕೊಂಡ ನಿಯಮಗಳ ಪಟ್ಟಿಯಲ್ಲಿ, ಬರೆದಿಟ್ಟುಕೊಂಡು ಕೊನೆಯ ಪುಟದ ತನಕ ಹಾಗೇ ಇಡಬೇಕು.

ಈ ಕೆಲಸ ನಮ್ಮ ನೆಲಕ್ಕೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ, 9ನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಓದಿ ನೋಡಿ. ಬರಹದಲ್ಲಿ ದೋಷ ಯಾವುದು, ಗುಣ ಯಾವುದು, ಎರಡು ಭಾಷೆಯ ಪದಗಳನ್ನು ಎಲ್ಲಿ ಬೆರೆಸಬಾರದು ಅಂತ ಉದಾಹರಣೆ ಕೊಟ್ಟು ತೋರಿಸುತ್ತದೆ. ಎಡಿಟಿಂಗ್ ಕಲಿಯುವ ಯಾರಿಗಾದರೂ ನಾನು ಮೊದಲು ಹೇಳುವ ಪುಸ್ತಕ ಅದು, ಇಂಗ್ಲಿಷ್ ಎಡಿಟಿಂಗ್ ಆದರೂ.

ಎಡಿಟಿಂಗ್ ಕಲಬುರಗಿಯಲ್ಲಿ ಕೂತು ಕಲಿಯೋದು ಹೇಗೆ?

ಎಂ.ಎ. ಸಿಲೆಬಸ್ ಇದನ್ನು ಕಲಿಸುವುದಿಲ್ಲ, ನೀವೇ ಸೇರಿಸಿಕೊಳ್ಳಬೇಕು. ಶಿಕಾಗೊ ಮ್ಯಾನ್ಯುಯಲ್ ಆಫ್ ಸ್ಟೈಲ್ ಅಂತ ಒಂದು ದಪ್ಪ ಕೈಪಿಡಿ ಇದೆ, 1906ರಿಂದ ಬರುತ್ತಿದೆ. ಪೂರ್ತಿ ಓದುವುದಲ್ಲ, ಅನುಮಾನ ಬಂದಾಗ ತೆಗೆದು ನೋಡುವುದು. ಹಳೆಯ ಆವೃತ್ತಿ ಸಿಕ್ಕರೂ ಶುರುಮಾಡಲು ಸಾಕು. ವರ್ಡ್‌ನಲ್ಲಿ ತಿದ್ದಿದ್ದನ್ನೆಲ್ಲ ಗುರುತು ಮಾಡಿ ತೋರಿಸುವ ಟ್ರ್ಯಾಕ್ ಚೇಂಜಸ್ ಬಳಸುವುದು ಕಲಿಯಿರಿ, ಅದಿಲ್ಲದೆ ಯಾರೂ ಕೆಲಸ ಕೊಡುವುದಿಲ್ಲ. ದೆಹಲಿಯ ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಾಶನದ ತರಬೇತಿ ಕೊಡುತ್ತದೆ. ಕೋಲ್ಕತ್ತಾದ ಸೀಗಲ್ ಪ್ರಕಾಶನದವರು ನಡೆಸುವ ಶಾಲೆಯೂ ಇದೆ. ಅಭ್ಯಾಸಕ್ಕೆ ನಿಮ್ಮ ವಿಭಾಗದ ವಾರ್ಷಿಕ ಸಂಚಿಕೆ, ಸೀನಿಯರ್‌ಗಳ ಪ್ರಾಜೆಕ್ಟ್ ತೆಗೆದುಕೊಳ್ಳಿ.

ನನ್ನ ಮೊದಲ ಎಡಿಟಿಂಗ್ ಟೆಸ್ಟ್ ಫೇಲ್ ಆಯಿತು. ತಪ್ಪು ಬಿಟ್ಟಿದ್ದಕ್ಕಲ್ಲ, ಜಾಸ್ತಿ ತಿದ್ದಿದ್ದಕ್ಕೆ. ಲೇಖಕರ ಸರಿಯಾದ ವಾಕ್ಯಗಳನ್ನೂ ನನಗೆ ಇಷ್ಟವಾಗುವ ಹಾಗೆ ಬದಲಿಸಿದ್ದೆ. ಉತ್ತರ ಪತ್ರಿಕೆ ತಿದ್ದಿ ತಿದ್ದಿ ಬಂದ ಅಭ್ಯಾಸ ಅದು. ಲೇಖಕರು ನಮ್ಮ ವಿದ್ಯಾರ್ಥಿ ಅಲ್ಲ ಅನ್ನುವುದು ಮೈಗೆ ಹತ್ತಲು ಒಂದು ವರ್ಷ ಹಿಡಿಯಿತು.

ದುಡ್ಡಿನ ವಿಷಯ. 250 ಪದಕ್ಕೆ ಒಂದು ಪುಟ ಅಂತ ಲೆಕ್ಕ ಹಿಡಿದು ಪುಟಕ್ಕೆ ಇಷ್ಟು ಅಂತ ಕೊಡುತ್ತಾರೆ, ಅಥವಾ ಪದಕ್ಕೆ ಇಷ್ಟು. ಏನೇ ಇರಲಿ, ಮೊದಲು ಇಮೇಲ್‌ನಲ್ಲಿ ಬರೆಸಿಕೊಳ್ಳಿ: ಎಷ್ಟು ಪದ, ಎಷ್ಟು ದುಡ್ಡು, ಯಾವಾಗ. ಒಬ್ಬ ಏಜೆಂಟ್ ಬಾಯಿಮಾತಿನ ಮೇಲೆ ನನ್ನಿಂದ ಎರಡು ಥೀಸಿಸ್ ಮಾಡಿಸಿಕೊಂಡು ಫೋನ್ ಎತ್ತುವುದನ್ನೇ ಬಿಟ್ಟ. ಟೆಸ್ಟ್ ಅಂತ ಹೇಳಿ ನಲವತ್ತು ಪುಟ ಬಿಟ್ಟಿ ಮಾಡಿಸುವವರೂ ಇದ್ದಾರೆ. ನಾಲ್ಕೈದು ಪುಟಕ್ಕಿಂತ ಜಾಸ್ತಿ ಟೆಸ್ಟ್ ಮಾಡಬೇಡಿ.

ಎಐ ಬಂದ ಮೇಲೆ ಎಡಿಟರ್ ಯಾಕೆ ಬೇಕು?

ಸ್ಪೆಲ್ಲಿಂಗ್, ಸಾದಾ ಗ್ರಾಮರ್ ಅದು ಬೇಗ ಮಾಡುತ್ತದೆ. ಅಷ್ಟೇ ಬರುವವರಿಗೆ ಕೆಲಸ ಕಡಿಮೆಯಾಗುತ್ತಿದೆ. ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ಆದರೆ ಅದು ಇಲ್ಲದ ಪುಸ್ತಕವನ್ನು ಇದೆ ಅಂತ ಆಧಾರ ಕೊಟ್ಟುಬಿಡುತ್ತದೆ. ಈಗ ನನ್ನ ಕೆಲಸದಲ್ಲಿ ಒಂದು ದೊಡ್ಡ ಭಾಗ ಅಂಥ ಸುಳ್ಳು ಆಧಾರ ಹಿಡಿಯುವುದೇ. ಒಂದೊಂದು ಹೆಸರನ್ನೂ ಲೈಬ್ರರಿ ಕೆಟಲಾಗಿನಲ್ಲಿ ಹುಡುಕಿ ನೋಡುತ್ತೇನೆ. ಇದಕ್ಕೆ ಓದಿನ ಆಳ ಬೇಕು, ಅನುಮಾನ ಪಡುವ ಅಭ್ಯಾಸ ಬೇಕು. ಎಂ.ಎ. ಚೆನ್ನಾಗಿ ಓದಿದ್ದರೆ ಎರಡೂ ಬರುತ್ತವೆ.

ಇಂಗ್ಲಿಷ್ ಎಂ.ಎ.ಗೆ ಸೇರಿದರೆ ಕನ್ನಡ ಬಿಡಬೇಕಾ?

ದಯವಿಟ್ಟು ಬಿಡಬೇಡಿ. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವರ ಜೊತೆ ಬರೀ ಇಂಗ್ಲಿಷಿನಲ್ಲಿ ಪೈಪೋಟಿ ಮಾಡಿದರೆ ನಾವು ಯಾವಾಗಲೂ ಹಿಂದಿನಿಂದ ಓಡಬೇಕು. ಎರಡು ಭಾಷೆ ಗಟ್ಟಿ ಇದ್ದರೆ ಮಾತೇ ಬೇರೆ. 2025ರ ಮೇನಲ್ಲಿ ಬಾನು ಮುಷ್ತಾಕ್ ಅವರ ಕನ್ನಡ ಕತೆಗಳ ಇಂಗ್ಲಿಷ್ ಅನುವಾದ "ಹಾರ್ಟ್ ಲ್ಯಾಂಪ್" ಇಂಟರ್‌ನ್ಯಾಷನಲ್ ಬುಕರ್ ಗೆದ್ದಿತು, ಅನುವಾದ ಮಾಡಿದವರು ದೀಪಾ ಭಾಸ್ತಿ. ಆ ಬಹುಮಾನದ 50,000 ಪೌಂಡ್ ಲೇಖಕರಿಗೂ ಅನುವಾದಕರಿಗೂ ಸಮಪಾಲು. ಅನುವಾದಕಿ ಕನ್ನಡ, ಉರ್ದು ಪದಗಳನ್ನು ಓರೆ ಅಕ್ಷರದಲ್ಲಿ (ಇಟಾಲಿಕ್ಸ್) ಹಾಕಲಿಲ್ಲ, ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ಪರಭಾಷೆಯ ಪದ ಕಂಡರೆ ಓರೆ ಮಾಡುವುದು ಕಾಪಿ ಎಡಿಟರ್‌ಗಳ ಹಳೆಯ ರೂಢಿ. ಅದನ್ನು ಯಾವಾಗ ಬಿಡಬೇಕು ಅಂತ ನಿರ್ಧರಿಸಲು ಆ ಪದ ಮನೆಯಲ್ಲಿ ಹೇಗೆ ಕೇಳಿಸುತ್ತದೆ ಅಂತ ಗೊತ್ತಿರಬೇಕು. ಕನ್ನಡ, ಉರ್ದು, ಮರಾಠಿ, ತೆಲುಗು ಒಂದೇ ಸಂತೆಯಲ್ಲಿ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಅದು ಗೊತ್ತಿದೆ ಅಲ್ವಾ?

ಪ್ರಾಜೆಕ್ಟಿಗೆ ಯಾವ ವಿಷಯ ತಗೊಳ್ಳಲಿ?

ನೂರು ಮಂದಿ ಮಾಡಿದ ಕಾದಂಬರಿಯ "ಸ್ತ್ರೀವಾದಿ ಓದು" ಬೇಡ ಅಂತ ನನ್ನ ಸಲಹೆ. ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಹೋಗಿ ಬನ್ನಿ. ಫಿಲಿಪ್ ಮೆಡೋಸ್ ಟೇಲರ್ ಅಲ್ಲಿ 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಯಾಗಿ ಇದ್ದವರು. ಇನ್ನೂ ಚಿಕ್ಕವನಿದ್ದ ರಾಜನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡವರು, ಇಂಗ್ಲಿಷಿನಲ್ಲಿ ಕಾದಂಬರಿ ಬರೆದವರು, ತಮ್ಮ ಜೀವನಚರಿತ್ರೆಯಲ್ಲಿ ಸುರಪುರದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಅವರ ಬಂಗಲೆ ಗುಡ್ಡದ ಮೇಲೆ ಇವತ್ತೂ ಇದೆ. ಅವರು ಕಂಡ ಸುರಪುರ, ಅಲ್ಲಿನ ಜನ ಇವತ್ತು ಹೇಳುವ ಸುರಪುರ, ಎರಡನ್ನೂ ಇಟ್ಟು ಬರೆಯಿರಿ. ಬಸವಕಲ್ಯಾಣದ ಕಡೆಯವರು ಒಂದೇ ವಚನದ ನಾಲ್ಕು ಇಂಗ್ಲಿಷ್ ಅನುವಾದ ಹೋಲಿಸಬಹುದು. ಎ.ಕೆ. ರಾಮಾನುಜನ್ 1973ರಲ್ಲಿ ಮಾಡಿದ್ದರಿಂದ ಶುರುಮಾಡಿ. ಭಾಷೆ ಇಷ್ಟ ಇದ್ದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಬೀದಿಯ ಬೋರ್ಡುಗಳ ಫೋಟೊ ತೆಗೆದು ಇಂಗ್ಲಿಷ್ ಪದಗಳು ಕನ್ನಡ ಲಿಪಿಯಲ್ಲಿ ಹೇಗೆ ಬದಲಾಗುತ್ತವೆ ಅಂತ ನೋಡಿ. ಸಂದರ್ಶನದಲ್ಲಿ ಇಂಥದ್ದರ ಬಗ್ಗೆ ಕೇಳಿದರೆ ನೀವು ನಿಲ್ಲಿಸದೆ ಮಾತಾಡುತ್ತೀರಿ.

ಮನೆಯಲ್ಲಿ "ಎಂ.ಎ. ಯಾಕ, ಬಿ.ಎಡ್. ಮಾಡು ಸಾಕು" ಅಂತಾರೆ.

ಅವರು ಹೇಳುವುದರಲ್ಲಿ ತೂಕ ಇದೆ. ಬಿ.ಎಡ್. ಎರಡು ವರ್ಷ, ಎಂ.ಎ. ಎರಡು ವರ್ಷ. ಎರಡೂ ಸೇರಿದರೆ ನಾಲ್ಕು. ಮನೆಯ ಪರಿಸ್ಥಿತಿ ಬಿಗಿ ಇದ್ದರೆ ಬಿ.ಎಡ್. ಮೊದಲು ಮಾಡಿ, ಕೆಲಸ ಹಿಡಿದು, ಎಂ.ಎ. ಮುಕ್ತ ವಿವಿಯಿಂದ ಮಾಡಿ. ಡಿಗ್ರಿ ಕಾಲೇಜು ಅಥವಾ ಪ್ರಕಾಶನವೇ ಬೇಕು ಅಂದರೆ ಎಂ.ಎ. ಮೊದಲು. ನನ್ನ ಅವ್ವನಿಗೆ ಇದನ್ನೆಲ್ಲ ಒಂದು ಹಾಳೆಯ ಮೇಲೆ ವರ್ಷ, ಖರ್ಚು, ಪರೀಕ್ಷೆ ಅಂತ ಬರೆದು ತೋರಿಸಿದೆ. ಓದು ಬರದ ಹೆಂಗಸು, ಆದರೆ ಲೆಕ್ಕ ಕೇಳಿ "ಹಂಗಾದ್ರ ಓದು" ಅಂದಳು. ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್.ಎಸ್.ಪಿ. ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದನ್ನು ಮರೆಯಬೇಡಿ.

ನಾನು ಬರೆದದ್ದನ್ನು ನೀವು ನೋಡ್ತೀರಾ?

ನೋಡುತ್ತೇನೆ. ಒಂದು ಪುಟ ಸಾಕು, ಸಾಲುಗಳ ನಡುವೆ ಜಾಗ ಬಿಡಿ. ಎಐ ಹತ್ತಿರ ತಿದ್ದಿಸಿ ಕಳಿಸಬೇಡಿ, ನಿಮ್ಮ ತಪ್ಪುಗಳು ಇರಲಿ, ನನಗೆ ಅವೇ ಬೇಕು. ವಿಷಯ ದೊಡ್ಡದಿರಬೇಕು ಅಂತಿಲ್ಲ. ನಿಮ್ಮ ಊರಿನ ಜಾತ್ರೆ, ಮೊದಲ ಸಲ ಹಾಸ್ಟೆಲಿಗೆ ಬಂದ ದಿನ, ಏನಾದರೂ. ಕಲಬುರಗಿಯಲ್ಲಿ ಇರುವವರು ಪ್ರಿಂಟ್ ತೆಗೆದು ಭಾನುವಾರ ಬೆಳಿಗ್ಗೆ ಬನ್ನಿ, ಜೊತೆಗೆ ಒಂದು ಪೆನ್ಸಿಲ್ ತನ್ನಿ.